ಅರಸರ ಕಥೆ ಓದುವ ಸಂತೋಷ

"ಒಂದೂರಲ್ಲಿ ಒಬ್ಬ ರಾಜ ಇದ್ದ" ಎಂದು ಆರಂಭವಾಗುವ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ರಾಜರು ಹೋದರು, ಸಂಸ್ಥಾನಗಳು ಹೋದವು, ಮತಪೆಟ್ಟಿಗೆ ಬಂದಿತು. ಆದರೂ ರಾಜರ ಕಥೆಯ ಮೇಲಿನ ಆಸೆ ನಮ್ಮನ್ನು ಬಿಟ್ಟಿಲ್ಲ. ಹಬ್ಬದ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ, ಪಟ್ಟದಕಲ್ಲಿಗೆ ಹೋಗುತ್ತೇವೆ. ಗುಹೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. "ಇದನ್ನು ಯಾವ ರಾಜ ಕಟ್ಟಿಸಿದ?" ಎಂದು ಮಗು ಕೇಳಿದಾಗ ಹೆಚ್ಚಿನವರು ಫಲಕದ ಕಡೆಗೆ ನೋಡುತ್ತೇವೆ. ಆ ಮಗುವಿನ ಪ್ರಶ್ನೆಯೇ ಇತಿಹಾಸದ ಬಾಗಿಲು.

ಇಂಗ್ಲೆಂಡಿನ ಮಧ್ಯಯುಗದ ಅರಸರ ಚರಿತ್ರೆಯನ್ನು ಓದುವುದು ನನಗೆ ಬಹಳ ಇಷ್ಟ. ಗುರುಮಠದಲ್ಲಿ ಧರ್ಮಸಭೆಯ ಇತಿಹಾಸವನ್ನು ಓದುವ ದಿನಗಳಲ್ಲಿ ಹತ್ತಿದ ರುಚಿ ಅದು. "ಬಾಗಲಕೋಟೆಯ ಬಿಸಿಲಿನಲ್ಲಿ ಕೂತು ಆ ಚಳಿ ದೇಶದ ರಾಜರ ಉಸಾಬರಿ ಯಾಕೆ?" ಎಂದು ಕೇಳುವವರಿದ್ದಾರೆ. ಉತ್ತರ ಸರಳ. ಅವರ ಅರಸರನ್ನು ಓದಿದ ಮೇಲೆ ನಮ್ಮ ಚಾಲುಕ್ಯರು ಇನ್ನಷ್ಟು ಚೆನ್ನಾಗಿ ಅರ್ಥವಾಗುತ್ತಾರೆ. ಚಾಲುಕ್ಯರನ್ನು ಓದಿ ಆ ಕಡೆ ತಿರುಗಿದರೆ ಅವರೂ ಪರಕೀಯರೆನಿಸುವುದಿಲ್ಲ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ನೇಕಾರರು ಕೊಂಡಿ ಹಾಕಿ ಜೋಡಿಸುತ್ತಾರಲ್ಲವೆ? ಎರಡರ ಬಣ್ಣ ಬೇರೆಯಾದರೂ ಸೀರೆ ಒಂದೇ.

ಈ ಓದಿನಲ್ಲಿ ಒಂದು ಋಣವೂ ಇದೆ. 19ನೆಯ ಶತಮಾನದಲ್ಲಿ ಮುಂಬಯಿ ಪ್ರಾಂತದ ಅಧಿಕಾರಿಯಾಗಿ ಬಂದ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಆಂಗ್ಲರು ನಮ್ಮ ಸೀಮೆಯ ಬಂಡೆಗಲ್ಲುಗಳ ಮುಂದೆ ನಿಂತು ಹಳಗನ್ನಡವನ್ನೂ ಸಂಸ್ಕೃತವನ್ನೂ ಓದಿದರು. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಶಾಸನಗಳನ್ನು ಅಚ್ಚು ಹಾಕಿಸಿದರು. ಕನ್ನಡ ಜಿಲ್ಲೆಗಳನ್ನು ಆಳಿದ ರಾಜವಂಶಗಳ ಕುರಿತು 1882ರಲ್ಲಿ ಗ್ರಂಥವನ್ನೇ ಬರೆದರು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವರೂ ಅವರೇ. ತಮ್ಮ ಸರ್ಕಾರದ ವಿರುದ್ಧ ಬಂಡೆದ್ದವನ ಪದವನ್ನು ಒಬ್ಬ ಆಂಗ್ಲ ಅಧಿಕಾರಿ ಪ್ರೀತಿಯಿಂದ ಕಾಪಾಡಿದರೆಂಬುದು ಸಣ್ಣ ಮಾತಲ್ಲ. ಅವರು ನಮ್ಮ ಅರಸರನ್ನು ಓದಿದರು. ನಾವು ಅವರ ಅರಸರನ್ನು ಓದಿದರೆ ಲೆಕ್ಕ ಸಮವಾಗುತ್ತದೆ.

ಒಂದೇ ಕಾಲ, ಎರಡು ಅರಮನೆ

ಕ್ರಿ.ಶ. 634ನ್ನು ನೆನಪಿನಲ್ಲಿಡಿ. ಸುಮಾರು ಆ ವರ್ಷ ಇಂಗ್ಲೆಂಡಿನ ಉತ್ತರ ಭಾಗದ ನಾರ್ಥಂಬ್ರಿಯ ಎಂಬ ರಾಜ್ಯದಲ್ಲಿ ಓಸ್ವಾಲ್ಡ್ ಎಂಬ ಯುವ ಅರಸ ಪಟ್ಟಕ್ಕೆ ಬಂದನು. ತಂದೆಯ ಮರಣದ ನಂತರ ವರ್ಷಾನುಗಟ್ಟಲೆ ಪರದೇಶದಲ್ಲಿ ತಲೆಮರೆಸಿಕೊಂಡಿದ್ದವನು ಅವನು. ಕಾಳಗಕ್ಕೆ ಮೊದಲು ತನ್ನ ಕೈಯಿಂದಲೇ ಮರದ ಶಿಲುಬೆಯನ್ನು ನೆಟ್ಟು, ಮೊಣಕಾಲೂರಿ ಪ್ರಾರ್ಥಿಸಿ, ಗೆದ್ದು ರಾಜ್ಯ ಪಡೆದನು.

ಹೆಚ್ಚು ಕಡಿಮೆ ಅದೇ ಸಮಯಕ್ಕೆ, ಶಕ ವರ್ಷ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ, ನಮ್ಮ ಹುನಗುಂದ ಸೀಮೆಯ ಐಹೊಳೆಯಲ್ಲಿ ರವಿಕೀರ್ತಿ ಎಂಬ ಜೈನ ಕವಿ ಮೇಗುಟಿ ಬಸದಿಯನ್ನು ಕಟ್ಟಿಸಿ, ತನ್ನ ದೊರೆ ಇಮ್ಮಡಿ ಪುಲಿಕೇಶಿಯ ಪ್ರಶಸ್ತಿಯನ್ನು ಗೋಡೆಯ ಮೇಲೆ ಕೆತ್ತಿಸಿದನು. ಉತ್ತರಾಪಥದ ಹರ್ಷವರ್ಧನನನ್ನು ನರ್ಮದೆಯಾಚೆಗೆ ತಡೆದ ದೊರೆ ಪುಲಿಕೇಶಿ. ರವಿಕೀರ್ತಿಗೂ ತನ್ನ ಬಗ್ಗೆ ಸಂಕೋಚವೇನಿಲ್ಲ. ಕಾಳಿದಾಸ, ಭಾರವಿಯರ ಸಾಲಿನಲ್ಲಿ ತನ್ನನ್ನೂ ನಿಲ್ಲಿಸಿಕೊಂಡಿದ್ದಾನೆ! ಆ ಮಹಾಕವಿಗಳ ಕಾಲವನ್ನು ನಿರ್ಣಯಿಸಲು ಇಂದಿನ ವಿದ್ವಾಂಸರಿಗೆ ಆಧಾರವಾದುದು ಅವನ ಈ ಹೆಮ್ಮೆಯೇ.

ಈಗ ಎಂಟು ವರ್ಷ ಮುಂದೆ ಬನ್ನಿ. 642ರಲ್ಲಿ ಓಸ್ವಾಲ್ಡನು ನೆರೆಯ ಮರ್ಸಿಯ ರಾಜ್ಯದ ಅರಸ ಪೆಂಡನ ಎದುರು ಯುದ್ಧದಲ್ಲಿ ಬಿದ್ದನು. ಗೆದ್ದವರು ಅವನ ತಲೆಯನ್ನೂ ಕೈಗಳನ್ನೂ ಕಡಿದು ಗೂಟಕ್ಕೆ ಸಿಕ್ಕಿಸಿದರು. ಅದೇ 642ರ ಸುಮಾರಿಗೆ ಕಾಂಚಿಯ ಪಲ್ಲವ ದೊರೆ ನರಸಿಂಹವರ್ಮನು ಬಾದಾಮಿಯನ್ನು ಮುತ್ತಿ ಗೆದ್ದನು. ಪುಲಿಕೇಶಿ ಆ ಸೋಲಿನಲ್ಲೇ ಮಡಿದನೆಂದು ಇತಿಹಾಸಕಾರರು ಭಾವಿಸುತ್ತಾರೆ. ಬಾದಾಮಿಯ ಬಂಡೆಯೊಂದರ ಮೇಲೆ ನರಸಿಂಹವರ್ಮನು ಕೆತ್ತಿಸಿದ ಶಾಸನ ಸವೆದು ಹೋಗಿದ್ದರೂ ಇಂದಿಗೂ ಇದೆ. ಗೆದ್ದವನು ಸೋತವನ ಊರಿನಲ್ಲೇ ತನ್ನ ಹೆಸರನ್ನು ಬರೆದು ಹೋದನು. "ವಾತಾಪಿಕೊಂಡ" ಎಂಬ ಬಿರುದನ್ನೂ ಧರಿಸಿದನು.

ಮತ್ತೆ 13 ವರ್ಷಗಳು. 655ರಲ್ಲಿ ಓಸ್ವಾಲ್ಡನ ತಮ್ಮ ಓಸ್ವಿಯು, ಪೆಂಡನನ್ನು ಯುದ್ಧದಲ್ಲಿ ಕೊಂದನು. 654-55ರಲ್ಲಿ ಪುಲಿಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನು ಬಾದಾಮಿಯನ್ನು ಮರಳಿ ಪಡೆದನು. ಸಾವಿರಾರು ಮೈಲಿಗಳ ಅಂತರ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದವರಲ್ಲ. ಆದರೂ ಒಂದೇ ಕಾಲದಲ್ಲಿ ಎರಡು ಮನೆತನಗಳು ಬಿದ್ದು ಒಂದೇ ಕಾಲದಲ್ಲಿ ಎದ್ದವು. ಇದರಲ್ಲಿ ಯಾವ ಗೂಢ ಅರ್ಥವನ್ನೂ ಹುಡುಕಬೇಕಾಗಿಲ್ಲ. ಇದು ಕೇವಲ ಕಾಕತಾಳೀಯ. ಆದರೆ ಓದುವವನಿಗೆ ಇಂತಹ ಕಾಕತಾಳೀಯ ಹಬ್ಬದೂಟವಿದ್ದಂತೆ.

ಕಾಕಾ ಮತ್ತು ಅಣ್ಣನ ಮಗ

ರಾಜವಂಶಗಳ ಇತಿಹಾಸವೆಂದರೆ ಒಂದರ್ಥದಲ್ಲಿ ಮನೆಜಗಳದ ಇತಿಹಾಸವೇ. ಇಂಗ್ಲೆಂಡಿನಲ್ಲಿ 1199ರಲ್ಲಿ ಜಾನ್ ಎಂಬವನು ಅರಸನಾದನು. ಅವನ ಅಣ್ಣನ ಮಗ ಆರ್ಥರನಿಗೂ ಸಿಂಹಾಸನದ ಮೇಲೆ ಹಕ್ಕಿತ್ತು. ಆ ಹುಡುಗ ಸೆರೆಸಿಕ್ಕಿ, 1203ರ ನಂತರ ಯಾರ ಕಣ್ಣಿಗೂ ಬೀಳಲಿಲ್ಲ. 1483ರಲ್ಲಿ ಮತ್ತೆ ಅದೇ ಕಥೆ. ಅಣ್ಣನ ಇಬ್ಬರು ಮಕ್ಕಳು, 12 ವರ್ಷದ ಐದನೆಯ ಎಡ್ವರ್ಡ್ ಮತ್ತು ಅವನ ತಮ್ಮ, ಲಂಡನ್ ಕೋಟೆಯಲ್ಲಿದ್ದಾಗಲೇ ಚಿಕ್ಕಪ್ಪ ರಿಚರ್ಡ್ ಪಟ್ಟವೇರಿದನು. ಆ ಮಕ್ಕಳು ಮತ್ತೆ ಕಾಣಲಿಲ್ಲ. ರಿಚರ್ಡ್ 1485ರಲ್ಲಿ ಯುದ್ಧದಲ್ಲಿ ಸತ್ತನು. ಅವನನ್ನು ಸೋಲಿಸಿದ ಟ್ಯೂಡರ್ ಮನೆತನ ಆಳುತ್ತಿದ್ದಾಗ ಶೇಕ್ಸ್‌ಪಿಯರ್ ಬರೆದ ನಾಟಕದಲ್ಲಿ ಅವನು ರಾಕ್ಷಸನೇ ಆದನು. 2012ರಲ್ಲಿ ಲೆಸ್ಟರ್ ನಗರದಲ್ಲಿ ಕಾರು ನಿಲ್ಲಿಸುವ ಬಯಲಿನಡಿ ಅವನ ಅಸ್ಥಿ ಸಿಕ್ಕಿತು. 2015ರಲ್ಲಿ ಅಲ್ಲಿನ ದೇವಾಲಯದಲ್ಲಿ ಗೌರವದಿಂದ ಮತ್ತೆ ಸಮಾಧಿ ಮಾಡಿದರು. ಅವನು ಕೊಲೆಗಾರನೇ ಅಲ್ಲವೇ ಎಂಬ ವಾದ ಇನ್ನೂ ಮುಗಿದಿಲ್ಲ.

ಈ ಕಥೆಯನ್ನು ಓದಿ ಮುಗಿಸಿದ ಕೂಡಲೇ ಬಾದಾಮಿಯ ಮೂರನೆಯ ಗುಹೆಗೆ ಹೋಗಬೇಕು. ಅಲ್ಲಿ ಶಕ ವರ್ಷ 500ರ, ಎಂದರೆ ಕ್ರಿ.ಶ. 578ರ ಶಾಸನವಿದೆ. ಗುಹೆಯನ್ನು ಮಾಡಿಸಿದವನು ಮಂಗಳೇಶ. ಆಗ ಆಳುತ್ತಿದ್ದವನು ಅವನ ಅಣ್ಣ ಕೀರ್ತಿವರ್ಮ. ಈ ಪುಣ್ಯಕಾರ್ಯದ ಫಲವೆಲ್ಲ ಅಣ್ಣನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲ ಮಾತ್ರ ತನಗಿರಲಿ ಎಂಬ ಅರ್ಥದ ಮಾತನ್ನು ಆ ತಮ್ಮ ಕಲ್ಲಿನಲ್ಲಿ ಬರೆಯಿಸಿದ್ದಾನೆ. ಎಂಥ ಅಣ್ಣತಮ್ಮಂದಿರು!

ಅಣ್ಣ ತೀರಿಕೊಂಡನು. ಮಗ ಪುಲಿಕೇಶಿ ಚಿಕ್ಕವನು. ಮಂಗಳೇಶ ರಾಜ್ಯದ ಹೊಣೆ ಹೊತ್ತನು. ಹುಡುಗ ಬೆಳೆದು ದೊಡ್ಡವನಾದಾಗ ಕಾಕಾನಿಗೆ ಸಿಂಹಾಸನ ಬಿಡುವ ಮನಸ್ಸಾಗಲಿಲ್ಲ. ತನ್ನ ಮಗನಿಗೇ ಪಟ್ಟ ಕಟ್ಟುವ ಆಸೆ ಹುಟ್ಟಿತು. ಪುಲಿಕೇಶಿ ಊರು ಬಿಟ್ಟು ಹೋಗಿ, ಬಲ ಕೂಡಿಸಿಕೊಂಡು ತಿರುಗಿ ಬಂದನು. ಸುಮಾರು 610ರಲ್ಲಿ ಮಂಗಳೇಶ ಮಗನ ಪಟ್ಟದ ಆಸೆಯನ್ನೂ ರಾಜ್ಯವನ್ನೂ ಪ್ರಾಣವನ್ನೂ ಒಟ್ಟಿಗೆ ಕಳೆದುಕೊಂಡನೆಂದು ಐಹೊಳೆಯ ಶಾಸನ ತಿಳಿಸುತ್ತದೆ.

ಇಲ್ಲಿ ನಿಂತು ಯೋಚಿಸಬೇಕು. ಇಂಗ್ಲೆಂಡಿನಲ್ಲಿ ಅಣ್ಣನ ಮಕ್ಕಳು ಸೋತರು. ನಮ್ಮಲ್ಲಿ ಅಣ್ಣನ ಮಗ ಗೆದ್ದನು. ಐಹೊಳೆಯ ಶಾಸನ ಬರೆದವನು ಗೆದ್ದವನ ಆಸ್ಥಾನದ ಕವಿ. ಮಂಗಳೇಶನ ಪರವಾಗಿ ಬರೆಯಲು ಅವನ ಮರಣದ ನಂತರ ಯಾವ ಕವಿಯೂ ಇರಲಿಲ್ಲ. ಆದರೆ ಅವನೇ ಬರೆಯಿಸಿದ ಆ ಗುಹೆಯ ಸಾಲುಗಳು ಉಳಿದಿವೆ. ಅಣ್ಣನನ್ನು ಪ್ರೀತಿಸಿದ ತಮ್ಮ, ಅಣ್ಣನ ಮಗನಿಗೆ ಅನ್ಯಾಯ ಮಾಡಿದ ಕಾಕಾ, ಇಬ್ಬರೂ ಒಬ್ಬನೇ ಮನುಷ್ಯ. ಗುಹೆಯ ಮಾತು ಸುಳ್ಳೆನ್ನುವಂತಿಲ್ಲ. ಐಹೊಳೆಯ ಮಾತೂ ಸುಳ್ಳೆನ್ನುವಂತಿಲ್ಲ. ನಡುವೆ 30 ವರ್ಷಗಳು ಕಳೆದಿದ್ದವು, ಅಷ್ಟೆ. ಅಧಿಕಾರ ಒಬ್ಬ ಒಳ್ಳೆಯ ತಮ್ಮನನ್ನು ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಸಂಗ ಬೇಕೆ?

ರಾಜಮನೆತನದ ಮಾತು ಹಾಗಿರಲಿ. ನಮ್ಮ ಹಳ್ಳಿಗಳಲ್ಲಿ ನಾಲ್ಕು ಎಕರೆ ಹೊಲದ ಪಾಲಿಗಾಗಿ, ಒಂದು ಬದುವಿಗಾಗಿ, ಉತಾರದಲ್ಲಿ ಹೆಸರು ಏರಿಸುವುದಕ್ಕಾಗಿ ಕಾಕಾ ಮತ್ತು ಅಣ್ಣನ ಮಕ್ಕಳು ಮಾತು ಬಿಟ್ಟ ಮನೆಗಳು ಎಷ್ಟಿಲ್ಲ? ಅವರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ಒಂದೇ ತಾಟಿನಲ್ಲಿ ಉಂಡವರು. ರಾಜರ ಕಥೆ ದೂರದ್ದೆಂದು ತಿಳಿಯಬಾರದು. ನಮ್ಮದೇ ಕಥೆಯನ್ನು ದೊಡ್ಡ ಅಕ್ಷರದಲ್ಲಿ ಬರೆದರೆ ಅದು ರಾಜರ ಕಥೆಯಾಗುತ್ತದೆ.

ಬೆಳ್ಳಿಯ ತಾಟು, ಬೀದಿಗೆ ಹೋದ ಕುದುರೆ

ನಾರ್ಥಂಬ್ರಿಯದ ಅರಸರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಒಬ್ಬ ಮಠವಾಸಿಯ ಕೃಪೆ. ಅವರೇ ಸಂತ ಬೀಡ್. 673ರಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಠ ಸೇರಿ, 735ರವರೆಗೆ ಅಲ್ಲಿಯೇ ಓದುತ್ತ ಬರೆಯುತ್ತ ಬಾಳಿದವರು. 731ರಲ್ಲಿ, ಬಾದಾಮಿಯಲ್ಲಿ ವಿಜಯಾದಿತ್ಯ ಆಳುತ್ತಿದ್ದಾಗ, ಅವರು ಆಂಗ್ಲ ಜನರ ಧರ್ಮಸಭೆಯ ಇತಿಹಾಸವನ್ನು ಬರೆದು ಮುಗಿಸಿದರು. 1899ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತರೆಂದು ಸಾರಿದರು. ಆ ಗ್ರಂಥವನ್ನು ಅವರು ಅರ್ಪಿಸಿದ್ದು ಅಂದಿನ ಅರಸ ಕೆಯೋಲ್‌ವುಲ್ಫನಿಗೆ. ಒಳ್ಳೆಯವರ ಕಥೆ ಕೇಳಿದವನು ಅವರಂತಾಗಲು ಬಯಸುತ್ತಾನೆ, ಕೆಟ್ಟವರ ಕಥೆ ಕೇಳಿದವನು ಆ ದಾರಿಯಿಂದ ದೂರವಿರುತ್ತಾನೆ ಎಂಬುದು ಅವರ ನಂಬಿಕೆ. ಕೆಲವು ವರ್ಷಗಳ ನಂತರ ಆ ಅರಸ ಕಿರೀಟವನ್ನು ತೆಗೆದಿಟ್ಟು ತಾನೂ ಮಠ ಸೇರಿದನು!

ಬೀಡ್ ಹೇಳುವ ಪ್ರಸಂಗಗಳಲ್ಲಿ ಒಂದು ಪಾಸ್ಖ ಹಬ್ಬದ ದಿನ ನಡೆದದ್ದು. ಓಸ್ವಾಲ್ಡನು ಧರ್ಮಾಧ್ಯಕ್ಷ ಸಂತ ಐಡನ್‌ರೊಂದಿಗೆ ಹಬ್ಬದೂಟಕ್ಕೆ ಕೂತಿದ್ದನು. ಮುಂದೆ ಬೆಳ್ಳಿಯ ತಾಟು, ಅದರ ತುಂಬ ರಾಜಭೋಜನ. ಪ್ರಾರ್ಥನೆ ಹೇಳಿ ರೊಟ್ಟಿಗೆ ಕೈ ಚಾಚುವಷ್ಟರಲ್ಲಿ ಸೇವಕನೊಬ್ಬ ಬಂದು, ಎಲ್ಲ ಕಡೆಯಿಂದ ಬಡವರು ಬಂದು ಬೀದಿಯಲ್ಲಿ ಕೂತಿದ್ದಾರೆಂದು ತಿಳಿಸಿದನು. ಅರಸನು ತನ್ನ ಮುಂದಿದ್ದ ಊಟವನ್ನು ಹಾಗೆಯೇ ಅವರಿಗೆ ಕಳುಹಿಸಿದನು. ಬೆಳ್ಳಿಯ ತಾಟನ್ನೂ ತುಂಡು ಮಾಡಿ ಹಂಚಬೇಕೆಂದನು. ಐಡನ್‌ರು ಅವನ ಬಲಗೈ ಹಿಡಿದು, ಈ ಕೈ ಎಂದೂ ನಶಿಸದಿರಲಿ ಎಂದು ಹರಸಿದರಂತೆ. ಮುಂದೆ 642ರಲ್ಲಿ ಶತ್ರುಗಳು ಕಡಿದು ಗೂಟಕ್ಕೆ ಸಿಕ್ಕಿಸಿದ ಕೈಗಳಲ್ಲಿ ಇದೂ ಒಂದು ಎಂಬುದನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ. ಗೆದ್ದವನು ಸೇಡಿಗಾಗಿ ಕಡಿದ ಕೈಯನ್ನು ಜನರು ದಾನದ ಕೈಯೆಂದು ನೆನಪಿಟ್ಟುಕೊಂಡರು.

ಇದೇ ಐಡನ್‌ರು ಐರ್ಲೆಂಡಿನ ಕಡೆಯವರು; ಆಂಗ್ಲ ಭಾಷೆ ಸರಿಯಾಗಿ ಬಾರದು. ಓಸ್ವಾಲ್ಡನು ಅಜ್ಞಾತವಾಸದಲ್ಲಿ ಅವರ ಭಾಷೆಯನ್ನು ಕಲಿತಿದ್ದನು. ಆದ್ದರಿಂದ ಧರ್ಮಾಧ್ಯಕ್ಷರು ಬೋಧಿಸುವಾಗ ಅರಸನೇ ಪಕ್ಕದಲ್ಲಿ ನಿಂತು ಭಾಷಾಂತರ ಮಾಡುತ್ತಿದ್ದನಂತೆ. ಬೋಧಕನ ಮಾತಿಗೆ ರಾಜನೇ ದುಭಾಷಿ! ಕನ್ನಡ ಕಲಿಯಲು ಪರದಾಡಿದ ಹಳೆಯ ಕಾಲದ ವಿದೇಶಿ ಗುರುಗಳನ್ನು ಕಂಡ ನಮ್ಮ ಹಿರಿಯರಿಗೆ ಈ ದೃಶ್ಯ ಚೆನ್ನಾಗಿ ಅರ್ಥವಾಗುತ್ತದೆ.

ಮುಂದೆ ಆ ರಾಜ್ಯದ ದಕ್ಷಿಣ ಭಾಗವನ್ನು ಆಳಿದ ಓಸ್ವಿನ್ ಎಂಬ ಸೌಮ್ಯ ಅರಸನು ಐಡನ್‌ರಿಗೆ ಒಂದು ಉತ್ತಮ ಕುದುರೆಯನ್ನು ಕೊಟ್ಟನು. ದಾರಿಯಲ್ಲಿ ಒಬ್ಬ ಭಿಕ್ಷುಕ ಕೈಚಾಚಿದಾಗ ಐಡನ್‌ರು ಇಳಿದು, ರಾಜಯೋಗ್ಯ ಜೀನು ಸಮೇತ ಕುದುರೆಯನ್ನು ಅವನಿಗೇ ಕೊಟ್ಟರು. ಅರಸನಿಗೆ ಬೇಸರವಾಯಿತು. ಬಡವನಿಗೆ ಕೊಡಲು ಸಾಧಾರಣ ಕುದುರೆ ಇರಲಿಲ್ಲವೆ ಎಂದು ಕೇಳಿದನು. ಕುದುರೆಯ ಮರಿ ನಿನಗೆ ದೇವರ ಮಗುವಿಗಿಂತ ಹೆಚ್ಚಾಯಿತೆ ಎಂಬರ್ಥದಲ್ಲಿ ಐಡನ್‌ರು ಉತ್ತರಿಸಿದರು. ಬೇಟೆಯಿಂದ ಬಂದು ಬೆಂಕಿ ಕಾಯಿಸಿಕೊಳ್ಳುತ್ತಿದ್ದ ಅರಸ ಸ್ವಲ್ಪ ಹೊತ್ತು ಸುಮ್ಮನಿದ್ದು, ಕತ್ತಿಯನ್ನು ಬಿಚ್ಚಿಟ್ಟು, ಅವರ ಪಾದಕ್ಕೆ ಬಿದ್ದನು. ಇಷ್ಟು ವಿನಯವುಳ್ಳ ಅರಸನನ್ನು ಈ ಲೋಕ ಬಹುಕಾಲ ಬಾಳಗೊಡದೆಂದು ಐಡನ್‌ರು ಕಣ್ಣೀರಿಟ್ಟರು.

ಕೊಂದವನಿಗೂ ಪ್ರಾರ್ಥನೆ, ಸತ್ತವನಿಗೂ ಪ್ರಾರ್ಥನೆ

ಅವರ ಮಾತು ನಿಜವಾಯಿತು. ಓಸ್ವಾಲ್ಡನ ತಮ್ಮ ಓಸ್ವಿಯುವಿಗೆ ಈ ಓಸ್ವಿನ್ ಪಕ್ಕದಲ್ಲಿರುವುದು ಸಹನೆಯಾಗಲಿಲ್ಲ. 651ರಲ್ಲಿ ದಂಡೆತ್ತಿ ಬಂದನು. ತನ್ನ ಸೈನ್ಯ ಚಿಕ್ಕದೆಂದು ಕಂಡ ಓಸ್ವಿನ್, ವೃಥಾ ರಕ್ತ ಹರಿಸುವುದು ಬೇಡವೆಂದು ಸೈನಿಕರನ್ನು ಮನೆಗೆ ಕಳುಹಿಸಿ, ನಂಬಿದ ಸರದಾರನೊಬ್ಬನ ಮನೆಯಲ್ಲಿ ಅಡಗಿದನು. ಆ ಸರದಾರನೇ ಹಿಡಿದುಕೊಟ್ಟನು. ಓಸ್ವಿಯುವಿನ ಆಜ್ಞೆಯಂತೆ ಓಸ್ವಿನ್‌ನನ್ನು ಕೊಂದರು. ಹನ್ನೆರಡು ದಿನಗಳೊಳಗೆ ಐಡನ್‌ರೂ ತೀರಿಕೊಂಡರು.

ಇಷ್ಟರಲ್ಲಿ ಹೊಸದೇನಿದೆ? ರಾಜರು ಕೊಂದರು, ರಾಜರು ಸತ್ತರು. ಆದರೆ ಮುಂದಿನದನ್ನು ಗಮನಿಸಿ. ಓಸ್ವಿಯುವಿನ ರಾಣಿ ಈನ್‌ಫ್ಲೆಡ್ ಕೊಲೆಯಾದವನ ಸಂಬಂಧಿ. ಕೊಲೆ ನಡೆದ ಗಿಲ್ಲಿಂಗ್ ಎಂಬ ಸ್ಥಳದಲ್ಲೇ ಪ್ರಾಯಶ್ಚಿತ್ತವಾಗಿ ಒಂದು ಮಠವನ್ನು ಕಟ್ಟಿಸಬೇಕೆಂದು ಅವಳು ಗಂಡನನ್ನು ಕೇಳಿದಳು. ಅರಸ ಭೂಮಿ ಕೊಟ್ಟನು. ಮಠದ ಹಿರಿಯನಾಗಿ ಬಂದವನು ಕೊಲೆಯಾದ ಓಸ್ವಿನ್‌ನ ಸಂಬಂಧಿಯೇ. ಅಲ್ಲಿ ಪ್ರತಿದಿನ ಇಬ್ಬರು ಅರಸರಿಗಾಗಿಯೂ, ಕೊಲೆಯಾದವನಿಗೂ ಕೊಲ್ಲಿಸಿದವನಿಗೂ, ಪ್ರಾರ್ಥನೆ ನಡೆಯುವಂತೆ ಏರ್ಪಾಟಾಯಿತು.

ನಾನು ಓದಿದ ಅರಸರ ಚರಿತ್ರೆಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪುಟ ಇದು. ತನ್ನವನನ್ನು ಕಳೆದುಕೊಂಡ ಒಬ್ಬ ಮನುಷ್ಯ ದಿನವೂ ಎದ್ದು, ಒಂದೇ ಪ್ರಾರ್ಥನೆಯಲ್ಲಿ ಸತ್ತವನ ಹೆಸರನ್ನೂ ಕೊಂದವನ ಹೆಸರನ್ನೂ ಹೇಳಬೇಕು. ಮೊದಲ ದಿನ ಅವನ ನಾಲಿಗೆ ಹೇಗೆ ಹೊರಳಿತೋ! ಸೇಡಿನ ಸರಪಳಿಯ ಒಂದು ಕೊಂಡಿ ಅಲ್ಲಿ ಬಿಚ್ಚಿತು. ಬಿಚ್ಚಿದವಳು ಒಬ್ಬ ಹೆಣ್ಣುಮಗಳು ಎಂಬುದನ್ನೂ ಮರೆಯಬಾರದು.

ಬೀಡ್‌ರ ಇನ್ನೊಂದು ಗುಣವನ್ನೂ ಇಲ್ಲಿ ಹೇಳಬೇಕು. ಪೆಂಡ ಕ್ರೈಸ್ತನಲ್ಲ, ಬೀಡ್‌ರ ಪ್ರೀತಿಯ ಅರಸರನ್ನು ಕೊಂದವನು. ಆದರೂ ತನ್ನ ರಾಜ್ಯದಲ್ಲಿ ಶುಭಸಂದೇಶ ಸಾರುವುದನ್ನು ಅವನು ತಡೆಯಲಿಲ್ಲ, ನಂಬಿದ್ದೇವೆ ಎನ್ನುತ್ತ ಹಾಗೆ ನಡೆಯದವರನ್ನು ಕಂಡರೆ ಮಾತ್ರ ಅವನಿಗೆ ತಿರಸ್ಕಾರವಿತ್ತು ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಶತ್ರುವಿನ ಒಳ್ಳೆಯತನವನ್ನು ಬರೆದಿಡುವವನೇ ನಿಜವಾದ ಇತಿಹಾಸಕಾರ.

ಕಾಂಚಿಯಲ್ಲಿ ಮರಳಿಸಿದ ಬಂಗಾರ

ಹಾಗಾದರೆ ನಮ್ಮ ಚಾಲುಕ್ಯರ ಕಥೆಯಲ್ಲಿ ಇಂತಹ ಪುಟವಿಲ್ಲವೆ? ಖಂಡಿತ ಇದೆ.

ಬಾದಾಮಿ 13 ವರ್ಷಗಳ ಕಾಲ ಚಾಲುಕ್ಯರ ಕೈತಪ್ಪಿತ್ತು. ಊರು ಕಳೆದುಕೊಳ್ಳುವುದೆಂದರೇನು ಎಂದು ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರಿಗೆ ವಿವರಿಸಬೇಕಾಗಿಲ್ಲ. ಯುದ್ಧದಲ್ಲಿ ಊರು ಕಳೆದುಕೊಂಡವರ ಮನಸ್ಸಿನಲ್ಲಿ ನೋವಿನ ಜೊತೆ ಸೇಡೂ ಇರುತ್ತದೆ. ಒಂದನೆಯ ವಿಕ್ರಮಾದಿತ್ಯನು ತನ್ನ ಚಿತ್ರಕಂಠವೆಂಬ ಕುದುರೆಯನ್ನೇರಿ ರಾಜ್ಯವನ್ನು ಗೆದ್ದನೆಂದು ತಾಮ್ರಪಟಗಳು ಹೊಗಳುತ್ತವೆ. ಅವನು ಕಾಂಚಿಯನ್ನೂ ಹಿಡಿದನು. 674ರಲ್ಲಿ ಕಾವೇರಿ ತೀರದ ಉರಗಪುರದಲ್ಲಿ ಬೀಡುಬಿಟ್ಟಿದ್ದನು. ಪಲ್ಲವರು ತಿರುಗಿ ಬಿದ್ದರು. ಬಾದಾಮಿ-ಕಾಂಚಿಗಳ ವೈರ ಅಜ್ಜನಿಂದ ಮೊಮ್ಮಗನಿಗೆ, ಅಲ್ಲಿಂದ ಮರಿಮಗನಿಗೆ ಆಸ್ತಿಯಂತೆ ಇಳಿದು ಬಂದಿತು.

ಕೊನೆಗೆ ಪುಲಿಕೇಶಿಯ ವಂಶದಲ್ಲಿ ನಾಲ್ಕನೆಯ ತಲೆಮಾರಿನ ಇಮ್ಮಡಿ ವಿಕ್ರಮಾದಿತ್ಯನು (ಕ್ರಿ.ಶ. 733-744) ಕಾಂಚಿಯನ್ನು ಹೊಕ್ಕನು. ಎದುರಿಗೆ ಪಲ್ಲವರ ಹೆಮ್ಮೆಯಾದ ರಾಜಸಿಂಹೇಶ್ವರ, ಇಂದು ನಾವು ಕೈಲಾಸನಾಥವೆಂದು ಕರೆಯುವ ದೇವಾಲಯ. ಅದರ ಭಂಡಾರದ ಐಶ್ವರ್ಯ ಅವನ ಮುಂದಿತ್ತು. ಸುಮಾರು ನೂರು ವರ್ಷಗಳ ಹಿಂದೆ ಇದೇ ಊರಿನ ಅರಸ ತನ್ನ ಮುತ್ತಜ್ಜನ ತಂದೆಯ ರಾಜಧಾನಿಯನ್ನು ಸೂರೆ ಮಾಡಿದ್ದನು. ಕೇಳುವವರು ಯಾರು? ಆದರೆ ಇಮ್ಮಡಿ ವಿಕ್ರಮಾದಿತ್ಯ ಕಾಂಚಿಯನ್ನು ನಾಶ ಮಾಡಲಿಲ್ಲ. ದೇವಾಲಯದ ಐಶ್ವರ್ಯವನ್ನು ಕಣ್ಣಾರೆ ಕಂಡು, ಅದನ್ನು ದೇವಾಲಯಕ್ಕೇ ಮರಳಿ ಬಿಟ್ಟುಕೊಟ್ಟನು. ಈ ಮಾತು ಕನ್ನಡ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ, ಆ ಕಾಂಚಿಯ ಗುಡಿಯಲ್ಲೇ ಕೆತ್ತಲ್ಪಟ್ಟಿದೆ.

ಈಗ ಎರಡು ಕಲ್ಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬಾದಾಮಿಯಲ್ಲಿ ಪಲ್ಲವನ ಕಲ್ಲು, ಕಾಂಚಿಯಲ್ಲಿ ಚಾಲುಕ್ಯನ ಕಲ್ಲು. ಮೊದಲನೆಯದು ಗೆದ್ದವನ ಹೆಸರು ಹೇಳುತ್ತದೆ. ಎರಡನೆಯದು ಗೆದ್ದವನು ಮರಳಿ ಕೊಟ್ಟದ್ದನ್ನು ಹೇಳುತ್ತದೆ.

ಇಮ್ಮಡಿ ವಿಕ್ರಮಾದಿತ್ಯ ಸಂತನಾಗಿದ್ದನೆಂದು ನಾನು ಹೇಳುತ್ತಿಲ್ಲ. ಮೂರು ಬಾರಿ ಕಾಂಚಿಯನ್ನು ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ದೊಡ್ಡ ಗುಡಿಯನ್ನೇ ಕಟ್ಟಿಸಿದಳು. ಅದೇ ಇಂದಿನ ವಿರೂಪಾಕ್ಷ. ಅವಳ ತಂಗಿಯೂ ಸವತಿಯೂ ಆದ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಇನ್ನೊಂದನ್ನು ಕಟ್ಟಿಸಿದಳು. ಮೂರು ಸಲ ಗೆಲ್ಲಲು ಎಷ್ಟು ಜನ ಸತ್ತಿರಬೇಕು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಆದರೂ ತನ್ನ ಕೈಯಲ್ಲಿ ಎಲ್ಲವೂ ಇದ್ದಾಗ ಕೈ ತಡೆದದ್ದು ದೊಡ್ಡದು. ಸೇಡು ತೀರಿಸಿಕೊಳ್ಳಲಾಗದವನ ಕ್ಷಮೆಗಿಂತ, ತೀರಿಸಿಕೊಳ್ಳಬಲ್ಲವನ ಕ್ಷಮೆಗೆ ಬೆಲೆ ಹೆಚ್ಚು.

ಪಟ್ಟದಕಲ್ಲು ಎಂಬ ಹೆಸರನ್ನೇ ನೋಡಿ: ಅರಸರಿಗೆ ಪಟ್ಟ ಕಟ್ಟುತ್ತಿದ್ದ ಸ್ಥಳವದು. ಲಂಡನ್ನಿನಲ್ಲಿ ಪಟ್ಟಾಭಿಷೇಕದ ಕುರ್ಚಿಯ ಕೆಳಗೂ ಒಂದು ಕಲ್ಲನ್ನಿಡುತ್ತಾರೆ. 1296ರಲ್ಲಿ ಒಂದನೆಯ ಎಡ್ವರ್ಡ್ ಸ್ಕಾಟ್ಲೆಂಡಿನವರಿಂದ ಕಿತ್ತು ತಂದ ಕಲ್ಲು ಅದು. ಅದನ್ನು ಮರಳಿಸಲು ಇಂಗ್ಲೆಂಡಿಗೆ 700 ವರ್ಷ ಬೇಕಾಯಿತು; 1996ರಲ್ಲಿ ಕೊಟ್ಟರು. 2023ರಲ್ಲಿ ಮೂರನೆಯ ಚಾರ್ಲ್ಸ್‌ನ ಪಟ್ಟಾಭಿಷೇಕಕ್ಕೆ ಸ್ಕಾಟ್ಲೆಂಡಿನಿಂದ ತರಿಸಿ, ಮತ್ತೆ ಹಿಂದಕ್ಕೆ ಕಳುಹಿಸಿದರು. ತಂದದ್ದನ್ನು ಮರಳಿಸುವುದು ರಾಜ್ಯಗಳಿಗೂ ಕಷ್ಟ, ಮನೆಗಳಿಗೂ ಕಷ್ಟ.

ಅರಸನ ಮುಂದೆ ನಿಂತ ಮಂತ್ರಿ

ಹನ್ನೆರಡನೆಯ ಶತಮಾನದ ಒಂದು ಹೋಲಿಕೆಯನ್ನು ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನ ಇಮ್ಮಡಿ ಹೆನ್ರಿಗೆ ಥಾಮಸ್ ಬೆಕೆಟ್ ಆಪ್ತಮಿತ್ರ, ಮುಖ್ಯಾಧಿಕಾರಿ. 1162ರಲ್ಲಿ ಮಹಾಧರ್ಮಾಧ್ಯಕ್ಷರಾದ ಮೇಲೆ ಥಾಮಸರು ಅರಸನ ಇಚ್ಛೆಗೆ ಬಗ್ಗಲಿಲ್ಲ. 1164ರಲ್ಲಿ ದೇಶ ಬಿಟ್ಟರು. ತಿರುಗಿ ಬಂದಾಗ, 1170ರ ಡಿಸೆಂಬರ್ 29ರಂದು ಅರಸನ ನಾಲ್ವರು ಸರದಾರರು ದೇವಾಲಯದೊಳಗೇ ಅವರನ್ನು ಕೊಂದರು.

ಅದೇ 1160ರ ದಶಕದಲ್ಲಿ ಕಲ್ಯಾಣದ ಬಿಜ್ಜಳನ ಬಳಿ ಭಂಡಾರಿಯಾಗಿದ್ದವರು ಬಸವಣ್ಣನವರು. ಹರಳಯ್ಯ-ಮಧುವರಸರ ಮಕ್ಕಳ ಮದುವೆ, ಆ ತಂದೆಯರಿಗೆ ಅರಸ ವಿಧಿಸಿದ ಘೋರ ಶಿಕ್ಷೆ, ಬಸವಣ್ಣನವರು ಅಧಿಕಾರ ಬಿಟ್ಟು ಕೂಡಲಸಂಗಮಕ್ಕೆ ನಡೆದದ್ದು, ಇವನ್ನೆಲ್ಲ ಶರಣ ಪರಂಪರೆ ಇಂದಿಗೂ ನೆನೆಯುತ್ತದೆ. ಕೃಷ್ಣೆ-ಮಲಪ್ರಭೆಯರು ಕೂಡುವ ಆ ಸ್ಥಳ ನಮ್ಮ ಹುನಗುಂದದ ಸೆರಗಿನಲ್ಲೇ ಇದೆ. ಇಬ್ಬರ ನಂಬಿಕೆ ಬೇರೆ, ಹೋರಾಟದ ವಿಷಯ ಬೇರೆ. ಆದರೆ ಅರಸನ ಅನ್ನ ಉಂಡವರು ಅರಸನಿಗೆ ಅಲ್ಲವೆನ್ನಬೇಕಾದ ಗಳಿಗೆ ಇಬ್ಬರಿಗೂ ಬಂದಿತು.

1174ರ ಜುಲೈ 12ರಂದು ಇಮ್ಮಡಿ ಹೆನ್ರಿ ಬರಿಗಾಲಲ್ಲಿ ಕ್ಯಾಂಟರ್ಬರಿಯ ಬೀದಿಯಲ್ಲಿ ನಡೆದು, ಥಾಮಸರ ಸಮಾಧಿಯ ಮುಂದೆ ಬಿದ್ದು, ಮಠವಾಸಿಗಳಿಂದ ಬೆನ್ನಿಗೆ ಏಟು ತಿಂದು, ರಾತ್ರಿಯಿಡೀ ಪ್ರಾರ್ಥನೆಯಲ್ಲಿ ಕಳೆದನು. ಆಗ ಅವನ ಸ್ವಂತ ಮಕ್ಕಳೇ ದಂಗೆ ಎದ್ದಿದ್ದರು. ಅದು ನಿಜವಾದ ಪಶ್ಚಾತ್ತಾಪವೋ, ಜನರನ್ನು ಒಲಿಸಿಕೊಳ್ಳುವ ಉಪಾಯವೋ? ಎರಡೂ ಇರಬಹುದು. ಮನುಷ್ಯನ ಪಶ್ಚಾತ್ತಾಪ ಅಪರಂಜಿಯಾಗಿರುವುದು ಅಪರೂಪ. ದಾವೀದ ಅರಸನ ಮುಂದೆ ಪ್ರವಾದಿ ನಾತಾನನು ನಿಂತ ದಿನದಿಂದ ಇದೇ ಕಥೆ ನಡೆದಿದೆ. ಸಿಂಹಾಸನದ ಮೇಲಿರುವವನಿಗೆ "ನೀನು ತಪ್ಪಿದೆ" ಎನ್ನುವವನೊಬ್ಬ ಬೇಕು.

ಹೇಗೆ ಓದಬೇಕು?

ಪ್ರಿಯ ಓದುಗರೇ, ಅರಸರ ಚರಿತ್ರೆಯನ್ನು ಧಾರಾಳವಾಗಿ ಓದಿ, ಸಂತೋಷಕ್ಕಾಗಿಯೇ ಓದಿ. ಕುದುರೆ, ಕತ್ತಿ, ಕೋಟೆಗಳ ರೋಮಾಂಚನಕ್ಕೆ ನಾಚಬೇಕಾಗಿಲ್ಲ. ಓದುವಾಗ ಒಂದೆರಡು ಪ್ರಶ್ನೆಗಳನ್ನು ಮಾತ್ರ ಜೊತೆಗಿಟ್ಟುಕೊಳ್ಳಿ. ಇದನ್ನು ಬರೆದವರು ಗೆದ್ದವರೋ ಸೋತವರೋ? ಇಲ್ಲಿ ಹೆಸರಿಲ್ಲದವರು ಯಾರು? ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಅದನ್ನು ಕಟ್ಟಿದ ಅನಿವಾರಿತಾಚಾರಿ ಗುಂಡನ ಹೆಸರಿದೆ. "ತ್ರಿಭುವನಾಚಾರಿ" ಎಂಬ ಬಿರುದನ್ನೂ ಅವನಿಗೆ ಕೊಟ್ಟಿದ್ದಾರೆ. ಉಳಿ ಹಿಡಿದ ಕೈಗೆ ಅರಮನೆ ಸಲ್ಲಿಸಿದ ಗೌರವವದು. ಕಲ್ಲು ಹೊತ್ತವರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಮುಂದಿನ ರಜೆಯಲ್ಲಿ ಮಕ್ಕಳು ಬಾದಾಮಿಯಲ್ಲಿ "ಯಾವ ರಾಜ?" ಎಂದು ಕೇಳಿದರೆ ಮಂಗಳೇಶ, ಪುಲಿಕೇಶಿಯರ ಹೆಸರನ್ನು ಹೇಳಿ. ಕಾಕಾ ಮತ್ತು ಅಣ್ಣನ ಮಗನ ಕಥೆಯನ್ನು ಬಚ್ಚಿಡದೆ ಹೇಳಿ. ಆಮೇಲೆ ಕಾಂಚಿಯ ಬಂಗಾರದ ಕಥೆಯನ್ನೂ ಸೇರಿಸಿ. ಗಿಲ್ಲಿಂಗ್ ಮಠದಲ್ಲಿ ಇಬ್ಬರಿಗಾಗಿ ನಡೆದ ಪ್ರಾರ್ಥನೆಯ ಕಥೆ ಮನೆಗೆ ಹಿಂದಿರುಗುವ ಬಸ್ಸಿನಲ್ಲಿ ನಿಮಗೇ ಇರಲಿ. ಏಕೆಂದರೆ ಹಬ್ಬದ ಊಟಕ್ಕೆ ಯಾರನ್ನು ಕರೆಯಬೇಕು, ಯಾರ ಮನೆಯ ಬಾಗಿಲನ್ನು ಈ ಸಲವಾದರೂ ತಟ್ಟಬೇಕು, ಯಾವ ಪಾಲನ್ನು ಮರಳಿಸಬೇಕು ಎಂಬುದು ಅರಸರ ಕೈಯಲ್ಲಿಲ್ಲ. ಅದು ನಮ್ಮ ಕೈಯಲ್ಲಿದೆ.